ಗ್ರಿಲ್‌ಗೆ ಮೂರು ಕೋಟ್ ಕಪ್ಪು

ಜೂನ್ 3, ಮಂಗಳವಾರ

ಮನೆ ಬಿಟ್ಟಾಗ 5:35. ಕೋರ್ಟ್ ಕಟ್ಟಡದ ಹಿಂಬಾಗಿಲು ತೆರೆದಾಗ ಆರಕ್ಕೆ ಐದು ನಿಮಿಷ. ಹತ್ತೊಂಬತ್ತು ಮೈಲಿಯಲ್ಲಿ ಎದುರಿಗೆ ಬಂದದ್ದು ಏಳು ಗಾಡಿ. ನಮಸ್ಕಾರಕ್ಕೆ ಬೆರಳೆತ್ತಿದವರು ಐವರು.

ಮಾರ್ಜ್ ಟೊಮೆಸೆಕ್ ಎಂದಿನಂತೆ ಎರಡು ಬೆರಳು. ಹುಲ್ಲುಗಾವಲಿಗೆ, ದನ ನೋಡಲು ಹೊರಟಿದ್ದಳು. ಮಣ್ಣುರಸ್ತೆ ಸಮ ಮಾಡುವ ಗ್ರೇಡರ್‌ನವನು ಇಡೀ ಅಂಗೈ. ಉಳಿದ ಮೂವರು ಸ್ಟೀರಿಂಗ್ ಬಿಡದೆ ತೋರುಬೆರಳಷ್ಟೇ. ಎಲ್ಲರಿಗೂ ತಲೆಯಾಡಿಸಿದೆ.

ಎಣಿಸಲು ಶುರು ಮಾಡಿದ್ದು ಫೆಬ್ರವರಿಯಲ್ಲಿ. ನನ್ನ ಪುಟ್ಟ ಕಾರನ್ನು ಮಾರಿ ವೆಂಡೆಲ್‌ನ ಪಿಕಪ್ ಓಡಿಸತೊಡಗಿದ ಮೇಲೆ. ಎಂಟಕ್ಕೆ ಆಫೀಸಿನವರು ಬರುವಷ್ಟರಲ್ಲಿ ನೆಲ ಒರೆಸಿ ಮುಗಿದಿರುತ್ತದೆ, ನಾನು ಹೊರಟಿರುತ್ತೇನೆ. ಇಡೀ ದಿನಕ್ಕೆ ಸಿಗುವ ನಮಸ್ಕಾರ ಈ ಬೆರಳುಗಳೇ.

ನನಗೇ ಸಿಗುತ್ತಿವೆಯೋ ಇಲ್ಲವೋ ಖಾತ್ರಿಯಿಲ್ಲ. ಗಾಡಿ ಗಂಡನದು. ಅವನು ಹೋಗಿ ಏಳು ತಿಂಗಳು. ಜನ ದೂರದಿಂದ ಗಾಡಿ ನೋಡುತ್ತಾರೆ, ಬೆರಳು ತಾನಾಗಿ ಏಳುತ್ತದೆ. ಅವನಿಲ್ಲ ಎನ್ನುವುದು ಆಮೇಲೆ ನೆನಪಾಗುತ್ತದೋ ಏನೋ.

ಸಂಜೆ ಓಮಾಹಾ ನಗರದಿಂದ ಪ್ಯಾಟ್ಸಿಯ ಫೋನು.

"ಗ್ಲೆನ್ನಿ, ಆ ಗಾಳೀಲಿ ಒಬ್ಳೇ ಕೂತು ಏನ್ ಮಾಡ್ತೀಯಾ? ಅಕ್ಕ ತಂಗಿ ಅಂತ ಉಳಿದಿರೋದೇ ನಾವಿಬ್ರು."

"ಯೋಚ್ನೆ ಮಾಡ್ತಿದೀನಿ."

"ಮಾರ್ಚಿಂದ ಮಾಡ್ತಿದೀಯಾ. ಜುಲೈ ನಾಲ್ಕರೊಳಗೆ ಹೇಳ್ಬಿಡು. ನರ್ಸಿಂಗ್ ಓದೋ ಹುಡುಗಿ ಒಬ್ಳು ಕೋಣೆ ಕೇಳ್ತಿದಾಳೆ. ನೀನು ಬರಲ್ಲಾಂದ್ರೆ ಅವಳಿಗೆ ಕೊಡ್ತೀನಿ... ಅಲ್ಲಿ ನಿಂಗೆ ಯಾರಿದಾರೆ ಹೇಳು?"

ಐದು ಬೆರಳು ಎನ್ನಲು ಬಾಯಿ ಬರಲಿಲ್ಲ.

ಜೂನ್ 4, ಬುಧವಾರ

ಬುಧವಾರ ಕಿಟಕಿಗಳ ದಿನ. ಎರಡನೇ ಮಹಡಿಯ ಗಾಜು ಒರೆಸುತ್ತಿರುವಾಗ ಕೆಳಗೆ ನಿಲ್ಲಿಸಿದ್ದ ಪಿಕಪ್ಪಿನ ಮುಖ ಪೂರ್ತಿ ಕಂಡಿತು. ಬಟ್ಟೆ ಕೈಯಲ್ಲೇ ಉಳಿಯಿತು.

ಒಳಗೆ ಕೂತವರಿಗೆ ಗಾಡಿಯ ಮುಖ ಕಾಣುವುದಿಲ್ಲ. ಪಕ್ಕದಿಂದ ಹತ್ತುವುದು, ಪಕ್ಕದಿಂದ ಇಳಿಯುವುದು. ಏಪ್ರಿಲ್‌ನಲ್ಲಿ ಕಾಡುಕೋಳಿ ಬಂದು ಬಡಿದಾಗ ರೇಡಿಯೇಟರ್ ಸೋರುತ್ತಿದೆಯೇ ಎಂದಷ್ಟೇ ನೋಡಿದ್ದೆ. ಈಗ ನೋಡಿದರೆ ರೇಡಿಯೇಟರ್ ಮುಂದಿನ ಗ್ರಿಲ್‌ನ ಎರಡು ಪಟ್ಟಿಗಳೇ ಇಲ್ಲ. ಮುಂದಿನ ಎರಡು ಹಲ್ಲು ಹೋದ ಬಾಯಿ. ಹದಿನೈದು ವರ್ಷದ ಬಿಸಿಲು, ಜಲ್ಲಿಕಲ್ಲು... ಕ್ರೋಮ್ ಪೊರೆ ಬಿಡುತ್ತಿದೆ. ಒಂದು ಕಡೆ ಸುಲಿದ ಈರುಳ್ಳಿಯ ಹಾಗೆ ಸಿಪ್ಪೆ ನೇತಾಡುತ್ತಿದೆ.

ದಿನಾ ಬೆಳಿಗ್ಗೆ ಎದುರಿನವರಿಗೆ ಕಾಣುವುದು ಇದು. ವೆಂಡೆಲ್ ಇದ್ದಿದ್ದರೆ ಹೀಗೆ ಬಿಡುತ್ತಿರಲಿಲ್ಲ. ಅವಳಿಗೆ ಸಾಕಾಗಿದೆ, ಕೈ ಚೆಲ್ಲಿದ್ದಾಳೆ ಎಂದುಕೊಳ್ಳುತ್ತಾರೆ.

ಸಾಕಾಗಿದೆಯೇ? ಗೊತ್ತಿಲ್ಲ. ಗ್ರಿಲ್ ಸರಿ ಮಾಡಬೇಕು, ಅದು ಗೊತ್ತು.

ಜೂನ್ 5, ಗುರುವಾರ

ಎಲ್ರಾಯ್ ಅವರ ಸಾಮಾನಿನ ಅಂಗಡಿ. ಮೊಳೆಯಿಂದ ಹಿಡಿದು ದನದ ಕಿವಿಗೆ ಹಾಕುವ ನಂಬರಿನವರೆಗೆ ಎಲ್ಲ ಇದೆ. ಎಲ್ರಾಯ್ ಹೊರಗೆ ಬಂದು, ಸೊಂಟದ ಮೇಲೆ ಕೈಯಿಟ್ಟು ಗಾಡಿಯ ಮುಂದೆ ನಿಂತರು.

"ಹೊಸದು ತರಿಸ್ಕೊಡ್ಲಾ?"

"ಎಷ್ಟಾಗುತ್ತೆ?"

"ಕೂತ್ಕೊಂಡು ಕೇಳೋ ಅಷ್ಟು."

"ಹಾಗಾದ್ರೆ ಬೇಡ. ಇದಕ್ಕೇ ಬಣ್ಣ ಹೊಡೆದ್ರೆ? ಕ್ರೋಮ್ ಸ್ಪ್ರೇ ಬರುತ್ತಂತಲ್ಲ."

"ಬರುತ್ತೆ. ಮಾರ್ತೀನಿ ಕೂಡ. ನಿಂಗೆ ಮಾರಲ್ಲ."

"ಯಾಕೆ?"

"ಮಾರ್ಜ್ ತಮ್ಮ ಹಾಕಿದ್ದ. ಆಲೂಗಡ್ಡೆ ಸುಡೋಕೆ ಫಾಯಿಲ್ ಸುತ್ತಿದ ಹಾಗೆ ಆಯ್ತು. ಒಂದು ವರ್ಷ ಊರವರೆಲ್ಲ ಬಾನೆಟ್ ಮೇಲೆ ತಟ್ಟಿ, ಬೆಂತಾ, ಇನ್ನೂ ಸ್ವಲ್ಪ ಬೇಯ್ಬೇಕಾ ಅಂತ ಕೇಳೋರು. ಗಾಡೀನೇ ಮಾರ್ದ ಕೊನೆಗೆ." ನಗಲಿಲ್ಲ. ಎಲ್ರಾಯ್ ತಮಾಷೆ ಮಾಡುವಾಗ ನಗುವುದಿಲ್ಲ. "ಕಪ್ಪು ಹಾಕು. ಹೊಳೆಯೋ ಕಪ್ಪಲ್ಲ, ಅರೆಹೊಳಪು. ತಪ್ಪು ಕಾಣಲ್ಲ."

ಕೊಟ್ಟದ್ದು: ಪ್ಲಾಸ್ಟಿಕ್‌ಗೆ ಬಣ್ಣ ಹಿಡಿಯುವಂತೆ ಮೊದಲು ಹೊಡೆಯುವ ಸ್ಪ್ರೇ ಒಂದು ಡಬ್ಬಿ, ಕಪ್ಪು ಎರಡು, ಉಜ್ಜಲು ನಾನೂರು ನಂಬರಿನ ವಾಟರ್ ಪೇಪರ್, ಎರಡು ಟ್ಯೂಬಿನ ಅಂಟು. ಹೋದ ಪಟ್ಟಿಗಳ ಹಿಂದಿನ ಸಂದು ಮುಚ್ಚಲು ಜಾಲರಿ ಕೇಳಿದೆ. ಅಂಗಡಿಗಳು ಗಾಡಿಗೆಂದೇ ಮಾಡಿದ ಜಾಲರಿಗೆ ಬಾಯಿಗೆ ಬಂದ ಬೆಲೆ ಹೇಳುತ್ತವಂತೆ. ಸೂರಿನ ನೀರುದೋಣಿಗೆ ಎಲೆ ಬೀಳದ ಹಾಗೆ ಹಾಕುವ ಅಲ್ಯೂಮಿನಿಯಂ ಜಾಲರಿಯನ್ನು ಮೂರಡಿ ಕತ್ತರಿಸಿ ಕೊಟ್ಟರು. ಅದಕ್ಕೆ ದುಡ್ಡು ಹಿಡಿಯಲಿಲ್ಲ.

"ತೆಳ್ಳಗೆ ಹೊಡಿ. ಹತ್ತು ನಿಮಿಷ ಬಿಡು. ಮತ್ತೆ ತೆಳ್ಳಗೆ. ಅವಸರ ಮಾಡಿದ್ರೆ ಸೋರುತ್ತೆ."

"ಅವಸರ ಇಲ್ಲ."

"ಗೊತ್ತು ನಂಗೆ," ಎಂದರು.

ಒಟ್ಟು ಹದಿನಾಲ್ಕು ವಾಕ್ಯ ಮಾತಾಡಿದೆ. ಈ ವಾರದಲ್ಲಿ ಇದೇ ಹೆಚ್ಚು.

ಜೂನ್ 7, ಶನಿವಾರ

ಬಾನೆಟ್ ಎತ್ತಿ ನಿಲ್ಲಿಸಿದೆ. ಮೇಲೆ ನಾಲ್ಕು ಬೋಲ್ಟು. ಮೂರು ಸುಲಭ, ನಾಲ್ಕನೆಯದು ತುಕ್ಕು ಹಿಡಿದು ಕೂತಿತ್ತು. ಎಣ್ಣೆ ಬಿಟ್ಟು, ಒಂದು ಲೋಟ ಕಾಫಿ ಕುಡಿದು ಬಂದೆ. ಬಿಟ್ಟಿತು. ಕೆಳಗೆ ಪ್ಲಾಸ್ಟಿಕ್ ಕ್ಲಿಪ್ಪುಗಳು. ಎಷ್ಟಿವೆ ಎಂದು ಹೊರಗಿನಿಂದ ತಿಳಿಯುವುದಿಲ್ಲ. ಬೆರಳಲ್ಲೇ ತಡಕಿ ಒತ್ತಬೇಕು. ಐದನೆಯದು ಟಿಕ್ ಎಂದು ಮುರಿಯಿತು. ವೆಂಡೆಲ್ ಆಗಿದ್ದರೆ ಒಂದು ಬೈಗುಳ ಉದುರಿಸುತ್ತಿದ್ದ. ನಾನೂ ಅನ್ನಬಹುದಿತ್ತು. ಕೇಳುವವರು ಯಾರು?

ಗ್ರಿಲ್‌ನ ಹಿಂದೆ: ಗರಿ, ಗೋಧಿಯ ಹೊಟ್ಟು, ಸಾವಿರ ಮಿಡತೆಗಳ ಒಣ ರೆಕ್ಕೆ. ಒಂದು ಬೀಟ್‌ರೂಟಿನ ಎಲೆಯ ತೊಟ್ಟು ಸಹ. ಅವನ ಕೊನೆಯ ಕಟಾವಿನದೇ ಇರಬೇಕು. ಆಮೇಲೆ ಆ ಗಾಡಿ ಹೊಲಕ್ಕೆ ಇಳಿದಿಲ್ಲ.

ಅಂಗಳದ ನಲ್ಲಿಯ ಕೆಳಗೆ, ಪಾತ್ರೆ ತಿಕ್ಕುವ ಸೋಪಿನಿಂದ ಮೂರು ಸಲ ತೊಳೆದೆ. ನೀರು ಬಹಳ ಹೊತ್ತು ಕಂದು. ಆಮೇಲೆ ವಾಟರ್ ಪೇಪರ್ ಹಿಡಿದು ಉಜ್ಜಿದೆ. ನೀರು ಬಿಡುತ್ತ ಉಜ್ಜುವುದು, ಬೆರಳು ಆಡಿಸಿ ನೋಡುವುದು, ಮತ್ತೆ ಉಜ್ಜುವುದು. ಕ್ರೋಮಿನ ಪೊರೆ ಎಲ್ಲಿ ಮುಗಿದು ಪ್ಲಾಸ್ಟಿಕ್ ಎಲ್ಲಿ ಶುರುವಾಗುತ್ತದೋ ಅಲ್ಲಿ ಉಗುರಿಗೆ ತಾಗುವ ಒಂದು ಮೆಟ್ಟಿಲು. ಆ ಮೆಟ್ಟಿಲು ಹೋಗುವವರೆಗೆ ಬಿಡಬಾರದು. ಬಣ್ಣ ಯಾವುದನ್ನೂ ಮುಚ್ಚುವುದಿಲ್ಲವಂತೆ, ತೋರಿಸಿಕೊಡುತ್ತದಂತೆ. ಡಬ್ಬಿಯ ಮೇಲೆ ಬರೆದಿಲ್ಲ, ಎಲ್ರಾಯ್ ಹೇಳಿದ್ದು.

ನಾಲ್ಕು ಗಂಟೆ ಹೋದದ್ದೇ ತಿಳಿಯಲಿಲ್ಲ. ನವೆಂಬರಿನಿಂದ ಈಚೆಗೆ ಇದೇ ಮೊದಲು.

ಜೂನ್ 8, ಭಾನುವಾರ

ಚರ್ಚಿಗೆ ಹೋಗಲಿಲ್ಲ. ಗ್ರಿಲ್ ಇಲ್ಲದ ಗಾಡಿಯಲ್ಲಿ ಹೇಗೆ ಹೋಗುವುದು. ನೆಪ, ಗೊತ್ತು.

ಅಡುಗೆಮನೆಯ ಮೇಜಿಗೆ ಪೇಪರ್ ಹಾಸಿ ಗ್ರಿಲ್ ಮಲಗಿಸಿದೆ. ಬಿರುಕುಗಳಿಗೆ ಅಂಟು. ಜಾಲರಿಯನ್ನು ಹಿಂದಿನಿಂದ ಅಳೆದು ಕತ್ತರಿಸಿ, ಅಂಚು ಮಡಿಸಿ, ಕಪ್ಪು ಕೇಬಲ್ ಟೈಗಳಿಂದ ಬಿಗಿದೆ. ಮುರಿದ ಕ್ಲಿಪ್ಪಿನ ಜಾಗಕ್ಕೂ ಅದೇ. ಹೋದ ಎರಡು ಪಟ್ಟಿಗಳನ್ನು ಹೊಸದಾಗಿ ಮಾಡಲಾಗದು. ಬದಲಿಗೆ ಅವುಗಳ ಜೊತೆಯಲ್ಲಿದ್ದ ಮೂರನೆಯದನ್ನೂ ಕೊಯ್ದು ತೆಗೆದೆ. ಈಗ ಎಡ ಬಲ ಸಮ. ಮುರಿದದ್ದು ಎನ್ನಿಸುವುದಿಲ್ಲ, ಹೀಗೇ ಮಾಡಿದ್ದು ಎನ್ನಿಸುತ್ತದೆ.

ಅಂಟು ಒಣಗುವವರೆಗೆ ಅಲುಗಿಸಬಾರದು. ಅದನ್ನು ಎದುರಿಗೆ ಇಟ್ಟುಕೊಂಡೇ ಮಧ್ಯಾಹ್ನದ ಊಟ ಮಾಡಿದೆ. ಕೋಸು, ಮಾಂಸ ತುಂಬಿದ ಬನ್ನು. ಎರಡು ಬಿಸಿ ಮಾಡಿದ್ದೆ, ಅಭ್ಯಾಸಬಲ. ಒಂದನ್ನು ಫ್ರಿಜ್ಜಿಗೆ ಇಟ್ಟೆ.

ಜೂನ್ 10, ಮಂಗಳವಾರ

ಗ್ರಿಲ್ ಇಲ್ಲದೆ ಎರಡನೇ ದಿನ. ಬೆರಳು ನಾಲ್ಕು. ಮಾರ್ಜ್ ಎರಡು ಬೆರಳೆತ್ತಿ, ವೇಗ ತಗ್ಗಿಸಿ, ಗಾಡಿಯ ಮೂತಿ ನೋಡಿಕೊಂಡು ಹೋದಳು. ತಲೆಯಾಡಿಸಿದೆ.

ಗಾಳಿ ನಿಲ್ಲುತ್ತಿಲ್ಲ. ಬಣ್ಣ ಹೊಡೆಯುವ ಹಾಗಿಲ್ಲ.

ಜೂನ್ 14, ಶನಿವಾರ

ಗಾಳಿ ನಿಂತಿತು. ಬೆಳಿಗ್ಗೆ ಏಳಕ್ಕೇ ಶೆಡ್ಡಿನ ಬಾಗಿಲು ಅರ್ಧ ಎಳೆದು, ನೆಲಕ್ಕೆ ನೀರು ಚಿಮುಕಿಸಿದೆ, ಧೂಳು ಏಳದಂತೆ. ಗ್ರಿಲ್‌ನ ನಡುವಿನ ಷೆವಿ ಕಂಪನಿಯ ಗುರುತಿಗೆ ಟೇಪ್ ಅಂಟಿಸಿ, ಅಂಚಿನ ಉದ್ದಕ್ಕೂ ಬ್ಲೇಡಿನಿಂದ ಕೊಯ್ದೆ. ಮೊದಲ ಸ್ಪ್ರೇ. ಹತ್ತು ನಿಮಿಷ. ಕಪ್ಪು, ಮೊದಲ ಕೋಟ್. ಮಂಜು ಕೂತ ಹಾಗೆ, ಕೆಳಗಿನದು ಕಾಣುತ್ತಲೇ ಇತ್ತು. ದಪ್ಪ ಹೊಡೆದುಬಿಡೋಣ ಎಂಬ ಆಸೆ. ತಡೆದುಕೊಂಡೆ.

ಎರಡನೇ ಕೋಟ್ ಹೊಡೆದು ಬೆನ್ನು ತಿರುಗಿಸುವಷ್ಟರಲ್ಲಿ ಒಂದು ಮಿಲ್ಲರ್ ಬಂದು ಅಂಟಿಕೊಂಡಿತು. ಜೂನ್ ಬಂತೆಂದರೆ ಮನೆ, ಶೆಡ್ಡು, ಸಕ್ಕರೆ ಡಬ್ಬಿ, ಎಲ್ಲೆಲ್ಲೂ ಈ ಬೂದಿ ಪತಂಗಗಳೇ. ಹಸಿ ಬಣ್ಣದಲ್ಲಿ ರೆಕ್ಕೆ ಬಡಿಯುತ್ತಿತ್ತು. ಕೀಳಲು ಹೋದರೆ ಬಣ್ಣವೂ ಎದ್ದು ಬರುತ್ತದೆ. ಸ್ಟೂಲಿನ ಮೇಲೆ ಕೂತು ಕಾದೆ. ಬಡಿಯುವುದು ನಿಂತಿತು. ಒಣಗಿದ ಮೇಲೆ ತೆಗೆದು, ಅದರ ಗುರುತನ್ನು ವಾಟರ್ ಪೇಪರಿನಿಂದ ಉಜ್ಜಿ, ಮೂರನೇ ಕೋಟ್.

ಗುರುತು ಹೋಯಿತು. ಎಲ್ಲಿತ್ತು ಎಂದು ನನಗೆ ಮಾತ್ರ ಗೊತ್ತು.

ಜೂನ್ 15, ಭಾನುವಾರ

ಕೂರಿಸಿದೆ. ನಾಲ್ಕು ಬೋಲ್ಟು, ನಾಲ್ಕು ಕ್ಲಿಪ್ಪು, ಒಂದು ಕೇಬಲ್ ಟೈ.

ಚೆನ್ನಾಗಿದೆ. ಹೊಗಳಿಕೊಳ್ಳಬಾರದು, ಆದರೂ ಚೆನ್ನಾಗಿದೆ. ಬಿಳಿ ಮೈ, ನಡುವೆ ಒಂದೇ ಸಮನಾದ ಕಪ್ಪು. ಗಾಡಿಗೆ ಹತ್ತು ವರ್ಷ ಕಮ್ಮಿಯಾದಂತಿದೆ. ಸುತ್ತ ಎರಡು ಸಲ ನಡೆದೆ. ಆಮೇಲೆ ಗೇಟಿನಾಚೆ ರಸ್ತೆಗೆ ಹೋಗಿ, ಇನ್ನೂರು ಹೆಜ್ಜೆ ದೂರದಲ್ಲಿ ನಿಂತು, ಎದುರಿನಿಂದ ಬರುವವರಿಗೆ ಹೇಗೆ ಕಾಣುತ್ತದೆಂದು ನೋಡಿದೆ.

ಯಾರಿಗಾದರೂ ತೋರಿಸಬೇಕೆನ್ನಿಸಿತು. ರಸ್ತೆಯಲ್ಲಿ ಯಾರೂ ಬರಲಿಲ್ಲ. ಇರಲಿ, ನಾಳೆ ಎಲ್ಲರೂ ನೋಡುತ್ತಾರೆ.

ಜೂನ್ 16, ಸೋಮವಾರ

ಎದುರಿಗೆ ಆರು ಗಾಡಿ. ಬೆರಳು ಒಂದೂ ಇಲ್ಲ.

ಜೂನ್ 17, ಮಂಗಳವಾರ

ಎಂಟು ಗಾಡಿ. ಇಲ್ಲ. ಮಾರ್ಜ್ ನೇರ ನನ್ನತ್ತಲೇ ನೋಡಿದಳು, ಎರಡೂ ಕೈ ಸ್ಟೀರಿಂಗ್ ಮೇಲೇ ಇತ್ತು. ಗ್ರೇಡರ್‌ನವನು ನೋಡಲೂ ಇಲ್ಲ.

ಜೂನ್ 18, ಬುಧವಾರ

ಇಲ್ಲ.

ಕಿಟಕಿ ಒರೆಸುವಾಗ ಕೆಳಗೆ ನೋಡಿದೆ. ಈ ಕೌಂಟಿಯಲ್ಲಿ ಬಿಳಿ ಪಿಕಪ್ ಇಲ್ಲದ ಮನೆ ಯಾವುದು? ವೆಂಡೆಲ್‌ನ ಗಾಡಿಗೆ ಇದ್ದ ಗುರುತು ಆ ಸಿಪ್ಪೆ ಸುಲಿದ, ಹಲ್ಲುದುರಿದ ಬಾಯಿ ಒಂದೇ. ಅದನ್ನು ನಾನೇ ನಾಲ್ಕು ತಾಸು ಕೂತು ಉಜ್ಜಿ ತೆಗೆದೆ.

ಸರಿ ಹಾಗಾದರೆ. ಕೇಳಿಕೊಂಡಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತು. ಬೆರಳು ಗಾಡಿಗೆ. ಗಾಡಿಯಲ್ಲಿದ್ದವನಿಗೆ. ನನಗೆ ಎಂದೂ ಆಗಿರಲಿಲ್ಲ.

ಜೂನ್ 23, ಸೋಮವಾರ

ಎಣಿಸುವುದು ಬಿಟ್ಟಿದ್ದೇನೆ.

ಪ್ಯಾಟ್ಸಿಗೆ ನಾನೇ ಫೋನ್ ಮಾಡಿದೆ. "ಬರ್ತೀನಿ" ಎಂದೆ.

"ನಿಜವಾಗ್ಲೂ?"

"ನಿಜವಾಗ್ಲೂ."

"ಅಳ್ತಿದೀಯಾ?"

"ಇಲ್ಲ. ನೀನು?"

"ಸ್ವಲ್ಪ," ಎಂದಳು. ಆಮೇಲೆ ಕೋಣೆಗೆ ಯಾವ ಬಣ್ಣ ಎಂದು ಕೇಳಿದಳು. ಯಾವುದಾದರೂ ಆದೀತು ಎಂದೆ. ಬಣ್ಣದ ವಿಷಯದಲ್ಲಿ ನನ್ನ ಆಯ್ಕೆ ನಂಬುವಂಥದಲ್ಲ ಎನ್ನಲಿಲ್ಲ.

ಜೂನ್ 27, ಶುಕ್ರವಾರ

ಇದನ್ನು ಸರಿಯಾಗಿ ಬರೆದಿಡಬೇಕು. ಒಂದೊಂದು ಮಾತೂ.

ಕೆಲಸ ಮುಗಿಸಿ ಎಂಟೂಕಾಲಿಗೆ ಪೆಟ್ರೋಲ್ ಬಂಕ್. ಪಂಪಿನ ಆಚೆ ಬದಿಗೆ ಮಾರ್ಜ್ ಬಂದು ನಿಂತಳು. ನನಗಿಂತ ಹದಿನೈದು ವರ್ಷ ದೊಡ್ಡವಳು, ಬೂಟಿನ ತುಂಬ ಸಗಣಿ. ನನ್ನನ್ನು ನೋಡಿದಳು, ಗಾಡಿ ನೋಡಿದಳು, ಮತ್ತೆ ನನ್ನನ್ನು.

"ಈ ಕರಿಮೂತಿ ನಿಂದಾ?"

"ಹೌದು."

"ವೆಂಡೆಲ್ ಗಾಡೀನಾ ಇದು?"

"ಅದೇ. ಗ್ರಿಲ್‌ಗೆ ಬಣ್ಣ ಹಾಕಿದೆ."

"ಅಯ್ಯೋ ದೇವರೇ. ಹತ್ತು ದಿನದಿಂದ ಇದಕ್ಕೆ ಬೈಕೊಂಡು ಓಡಾಡ್ತಿದೀನಿ. ಕೊಲೊರಾಡೊದವನು ಯಾವನೋ ಜಮೀನು ನೋಡೋಕೆ ಬರ್ತಿದಾನೆ ಅಂದ್ಕೊಂಡೆ."

"ಬೈಯೋದು ಯಾಕೆ?"

"ಕೊಲೊರಾಡೊದವನಿಗೆ ಬೈಯೋಕೆ ಕಾರಣ ಬೇಕಾ?"

ಬಗ್ಗಿ, ಮಂಡಿಯ ಮೇಲೆ ಕೈಯೂರಿ ಗ್ರಿಲ್ ನೋಡಿದಳು. ಪಟ್ಟಿಯ ಮೇಲೆ ಹೆಬ್ಬೆರಳು ಎಳೆದಳು.

"ಯಾರ ಕೈಲಿ ಮಾಡಿಸ್ದೆ?"

"ನಾನೇ."

"ಇದೇನಿದು ಹಿಂದೆ?"

"ಸೂರಿನ ಜಾಲರಿ."

"ಹೂಂ," ಎಂದಳು. ಬಹಳ ಹೊತ್ತು ನೋಡಿ ಇನ್ನೊಂದು ಸಲ, "ಹೂಂ." ಈ ಕಡೆಯವರು ಇದಕ್ಕಿಂತ ಹೆಚ್ಚು ಹೊಗಳುವುದಿಲ್ಲ.

ಅಲ್ಲಿಗೆ ಸುಮ್ಮನಿರಬಹುದಿತ್ತು. ಬಾಯಿಂದ ಬಂದುಬಿಟ್ಟಿತು. "ಬಣ್ಣ ಹಾಕಿದ್ಮೇಲೆ ಯಾರೂ ಬೆರಳು ಎತ್ತಲ್ಲ. ಸರಿನೇ ಅದು. ಎತ್ತುತಿದ್ದದ್ದು ವೆಂಡೆಲ್‌ಗೆ ತಾನೇ."

"ಯಾರಿಗೆ?"

"ವೆಂಡೆಲ್‌ಗೆ."

ಪಂಪಿನ ಕೊಳವೆಯನ್ನು ಅದರ ಜಾಗಕ್ಕೆ ಸಿಕ್ಕಿಸಿ, ಕೈ ಒರೆಸಿಕೊಂಡು ಹತ್ತಿರ ಬಂದಳು.

"ಏನೇ ಮಾರಾಯ್ತಿ, ವೆಂಡೆಲ್ ಸತ್ತಿದ್ದು ನಂಗೆ ಗೊತ್ತಿಲ್ವಾ? ಮಣ್ಣಿಗೆ ಬಂದಿದ್ದೆ. ಹನ್ನೆರಡು ಪೌಂಡು ಆಲೂಗಡ್ಡೆ ಸಲಾಡ್ ಹೊತ್ಕೊಂಡು ಬಂದಿದ್ದೆ. ಸತ್ತವನಿಗೆ ಯಾರಾದ್ರೂ ಬೆರಳೆತ್ತುತ್ತಾರೇನೇ?"

"ಮತ್ತೆ..."

"ನಿಂಗೆ ಕಣೇ. ಫೆಬ್ರವರಿಯಿಂದ ನಿಂಗೆ ಎತ್ತುತಿದೀನಿ. ನೀನು ಒಂದು ದಿನ ಎತ್ತಿದ್ಯಾ? ಮೂಗು ಮೇಲೆ ಮಾಡ್ಕೊಂಡು ಹೋಗ್ತಿದ್ದೆ, ಇಂಗ್ಲೆಂಡಿನ ರಾಣಿ ತರ. ರಾಣೀನಾದ್ರೂ ಕೈ ಆಡಿಸ್ತಾಳೆ."

"ತಲೆ ಆಡಿಸ್ತಿದ್ನಲ್ಲ."

"ಅರವತ್ತು ಮೈಲಿ ಸ್ಪೀಡಲ್ಲಿ ತಲೆ ಆಡ್ಸಿದ್ರೆ ಯಾರಿಗೆ ಕಾಣುತ್ತೆ? ಎದುರು ಬಿಸಿಲು ಅಂತ ಆ ಮರೆ ಬೇರೆ ಗಲ್ಲದವರೆಗೆ ಇಳಿಸಿರ್ತೀಯ. ಗ್ರೇಡರ್‌ನವನು ಕೇಳ್ದ, ಆ ಹೆಂಗಸಿಗೆ ನಮ್ ಮೇಲೆ ಏನು ಸಿಟ್ಟು ಅಂತ. ನಾನಂದೆ, ಸಿಟ್ಟಲ್ಲಪ್ಪ, ಓಮಾಹಾದವಳು."

"ಬಂದು ಮೂವತ್ತೊಂದು ವರ್ಷ ಆಯ್ತು ಮಾರ್ಜ್."

"ಅದನ್ನೇ ನಾನೂ ಹೇಳಿದ್ದು. ಈಗ ತಾನೇ ಬಂದಿದಾಳೆ, ಸ್ವಲ್ಪ ಟೈಮ್ ಕೊಡು ಅಂದೆ."

ತನ್ನ ಗಾಡಿ ಹತ್ತಿ, ಗಾಜು ಇಳಿಸಿ ಮತ್ತೆ ಕೂಗಿದಳು. "ಗುರುತಿಲ್ಲದ ಗಾಡಿ ಅಂದ್ರೆ ಅದರಲ್ಲಿರೋರೇ ಮೊದ್ಲು ಎತ್ತಬೇಕು. ಈಗ ನಿಂದು ಗುರುತಿಲ್ಲದ ಗಾಡಿ. ಸೋಮವಾರ ನೋಡ್ತೀನಿ."

ಓಮಾಹಾಕ್ಕೆ ಹೊರಟಿದ್ದೇನೆ ಎಂದು ಹೇಳಲಿಲ್ಲ. ಹೇಳಬೇಕಿತ್ತು. ಗಾಜು ಏರಿತ್ತು.

ಜೂನ್ 28, ಶನಿವಾರ

ಇಡೀ ದಿನ ಅದೇ ಯೋಚನೆ. ಹೇಗೆ ಎತ್ತಲಿಲ್ಲ ನಾನು? ಐದು ತಿಂಗಳು ಎಣಿಸಿದವಳು.

ಮೂವತ್ತು ವರ್ಷ ಈ ರಸ್ತೆಯಲ್ಲಿ ಪಕ್ಕದ ಸೀಟಿನಲ್ಲಿ ಕೂತು ಹೋದೆ. ಎತ್ತುವುದು ಓಡಿಸುವವನ ಕೆಲಸ. ಪಕ್ಕದಲ್ಲಿ ಕೂತವಳು ಎತ್ತುವುದಿಲ್ಲ. ಎದುರಿನ ಗಾಡಿಯ ಪಕ್ಕದ ಸೀಟಿನವರೂ ಎತ್ತುತ್ತಿರಲಿಲ್ಲ. ನನ್ನ ಪಾಲಿಗಿದ್ದದ್ದು ಒಂದು ಸಣ್ಣ ತಲೆಯಾಟ, ಅದೂ ವೆಂಡೆಲ್‌ನ ಬೆರಳಿನ ಹಿಂದೆ. ಪುಟ್ಟ ಕಾರಿನಲ್ಲಿ ಓಡಾಡುವಾಗ ಇದೆಲ್ಲ ಇರಲಿಲ್ಲ, ಕಾರಿಗೆ ಯಾರೂ ಬೆರಳೆತ್ತುವುದಿಲ್ಲ. ಗಾಡಿ ನನ್ನ ಕೈಗೆ ಬಂತು, ಸೀಟು ಬದಲಾಯಿತು. ನಾನು ಇನ್ನೂ ಆ ಕಡೆಯ ಸೀಟಿನಲ್ಲೇ ಕೂತಿದ್ದೆ.

ಮದುವೆಯಾದ ಹೊಸತರಲ್ಲಿ ಒಂದು ಸಲ ಕೇಳಿದ್ದೆ. ಯಾರೋ ಮುದುಕ ಎದುರಾದ, ಇವನು ಬೆರಳೆತ್ತಿದ.

"ಯಾರದು?"

"ಗೊತ್ತಿಲ್ಲ."

"ಮತ್ತೆ ಯಾಕೆ ಎತ್ತಿದೆ?"

"ಅವನು ಎತ್ತಿದ್ನಲ್ಲ."

"ಅವನು ಯಾಕೆ ಎತ್ತಿದ?"

ವೆಂಡೆಲ್ ಒಂದು ಮೈಲಿಯಷ್ಟು ದೂರ ಯೋಚಿಸಿದ. "ಇಲ್ಲಿ ಬೇರೆ ಯಾರೂ ಇರ್ಲಿಲ್ಲ," ಎಂದ.

ಮಧ್ಯಾಹ್ನ ಅಂಗಳದಲ್ಲೇ ಗಾಡಿಯಲ್ಲಿ ಕೂತು ಅಭ್ಯಾಸ ಮಾಡಿದೆ. ಅಂಗೈ ಸ್ಟೀರಿಂಗ್ ಮೇಲೆ, ತೋರುಬೆರಳು ಮೇಲಕ್ಕೆ. ಬೇಗ ಇಳಿಸಬಾರದು. ಎತ್ತರ ಬೇಡ, ಕರೆದ ಹಾಗಾಗುತ್ತದೆ. ಐವತ್ತೊಂಬತ್ತು ವರ್ಷದ ಹೆಂಗಸು ನಿಂತ ಗಾಡಿಯಲ್ಲಿ ಕೂತು ಶೆಡ್ಡಿಗೆ ಬೆರಳು ತೋರಿಸುತ್ತಿದ್ದಾಳೆ... ನೋಡಲು ಯಾರೂ ಇಲ್ಲದ್ದು ಇವತ್ತು ಒಳ್ಳೆಯದೇ ಆಯಿತು.

ಜೂನ್ 30, ಸೋಮವಾರ

ಬಿಸಿಲು ಮರೆ ಮೇಲಕ್ಕೆ ಸರಿಸಿದೆ. ಕಣ್ಣಿಗೆ ಚುಚ್ಚುತ್ತಿತ್ತು. ಇರಲಿ.

ಮೊದಲನೇ ಗಾಡಿಗೆ ತಡವಾಯಿತು, ದಾಟಿ ಹೋದ ಮೇಲೆ ಬೆರಳೆದ್ದಿತು. ಎರಡನೆಯದಕ್ಕೆ ಎತ್ತಲು ಹೋಗಿ ಕೈ ಸ್ಟೀರಿಂಗ್ ಪಕ್ಕದ ಕಡ್ಡಿಗೆ ತಾಗಿ, ಗಾಜಿನ ಮೇಲೆ ನೀರು ಚಿಮ್ಮಿ ವೈಪರ್ ಆಡತೊಡಗಿತು. ಅದರ ನಡುವಿನಿಂದ ಎದುರಿನವನು ನಗುತ್ತಿದ್ದದ್ದು ಕಂಡಿತು. ಮೂರನೆಯದು ಗ್ಯಾಸಿನ ಟ್ಯಾಂಕರ್, ಹೊರ ರಾಜ್ಯದ್ದು. ನೋಡಲಿಲ್ಲ.

ನಾಲ್ಕನೆಯದು ಮಾರ್ಜ್. ಸಾಕಷ್ಟು ದೂರದಲ್ಲೇ ಎತ್ತಿ ಹಿಡಿದೆ. ಅವಳು ಎರಡೂ ಕೈ ಬಿಟ್ಟು ತಲೆಯ ಮೇಲೆ ಆಡಿಸಿದಳು. ಗಾಡಿ ಒಂದಿಷ್ಟು ಪಕ್ಕಕ್ಕೆ ಎಳೆಯಿತು. ಬೈದಿರುತ್ತಾಳೆ, ಯಾರಿಗೋ ಗೊತ್ತಿಲ್ಲ.

ಕೋರ್ಟ್ ಕಟ್ಟಡದ ಮೆಟ್ಟಿಲಲ್ಲಿ ಎರಡು ನಿಮಿಷ ಕೂತು ಆಮೇಲೆ ಒಳಗೆ ಹೋದೆ.

ಜುಲೈ 1, ಮಂಗಳವಾರ

ಏಳಕ್ಕೆ ಎತ್ತಿದೆ. ನಾಲ್ಕು ವಾಪಸು. ಗ್ರೇಡರ್‌ನವನು ಮೊದಲು ಹಿಂದೆ ತಿರುಗಿ ನೋಡಿದ, ಬೇರೆ ಯಾರಿಗೋ ಇರಬೇಕೆಂದು. ಆಮೇಲೆ ಇಡೀ ಅಂಗೈ.

ಪ್ಯಾಟ್ಸಿ ಕೋಣೆಯ ಫೋಟೋ ಕಳಿಸಿದ್ದಾಳೆ. ಹಳದಿ. ಕಿಟಕಿಗೆ ಹೊಸ ಪರದೆ. ನರ್ಸಿಂಗ್ ಹುಡುಗಿಗೆ ಆಗುವುದಿಲ್ಲ ಎಂದು ಹೇಳಿಬಿಟ್ಟಳಂತೆ. ಆ ಹುಡುಗಿಗೆ ಬೇರೆ ಕಡೆ ಸಿಕ್ಕಿಲ್ಲವಂತೆ, ಪಾಪ.

ಮೂರು ಸಲ ನೋಡಿದೆ ಫೋಟೋವನ್ನು. ಹಾಸಿಗೆಯ ಮೇಲಿನ ಹೊದಿಕೆ ಅಮ್ಮನದು.

ಜುಲೈ 2, ಬುಧವಾರ

ಆರಕ್ಕೆ ಎತ್ತಿದೆ. ಮೂರು ವಾಪಸು. ಇನ್ನೊಬ್ಬ ನೋಡಿಯೂ ಎತ್ತಲಿಲ್ಲ. ಅವನಿಗೆ ನಾಳೆಯೂ ಎತ್ತುತ್ತೇನೆ. ಐದು ತಿಂಗಳು ಬಾಕಿ ಇದೆ ನನ್ನ ಕಡೆಯಿಂದ.

ಮನೆಗೆ ಬಂದ ಮೇಲೆ ಮನೆ ಅದೇ. ಎರಡು ಲೋಟ ತೊಳೆದಿಡುತ್ತೇನೆ, ಒಂದೇ ಬಳಸಿರುತ್ತೇನೆ. ಮೂರು ಬೆರಳಿನಿಂದ ಇದು ತುಂಬುವುದಿಲ್ಲ. ಹಳದಿ ಕೋಣೆಯಿಂದ ತುಂಬುತ್ತದೆಯೇ? ಅಲ್ಲಿ ಅಡುಗೆ ಪ್ಯಾಟ್ಸಿಯದು, ಟಿವಿ ಪ್ಯಾಟ್ಸಿಯದು, ಕಾರು ಓಡಿಸುವುದು ಪ್ಯಾಟ್ಸಿ. ಪಕ್ಕದಲ್ಲಿ ನಾನು.

ಪಿಕಪ್ ತರಬೇಡ, ನಿಲ್ಲಿಸೋಕೆ ಜಾಗ ಇಲ್ಲ, ಅಲ್ಲೇ ಮಾರಿಬಿಡು ಎಂದಿದ್ದಾಳೆ. ಒಳ್ಳೆಯದಕ್ಕೇ ಹೇಳುತ್ತಾಳೆ.

ಜುಲೈ 3, ಗುರುವಾರ, ಸಂಜೆ 6:50

ಬೆಳಿಗ್ಗೆ ನಾಲ್ಕನೇ ಮೈಲಿಯಲ್ಲಿ ಹಸಿರು ಪಿಕಪ್ ಒಂದು ಎದುರಾಯಿತು. ಗುರುತಿಲ್ಲ. ಎತ್ತಿದೆ. ಗಂಡಸು ಓಡಿಸುತ್ತಿದ್ದ, ತಕ್ಷಣ ಎತ್ತಿದ. ಪಕ್ಕದಲ್ಲಿ ಹೆಂಡತಿ. ಮಡಿಲಲ್ಲಿ ಒಂದು ಪಾತ್ರೆ, ಬಟ್ಟೆ ಮುಚ್ಚಿದ್ದು, ನಾಳೆಯ ಹಬ್ಬಕ್ಕೆ ಯಾರ ಮನೆಗೋ ಇರಬೇಕು. ಆಕೆ ಮುಂದೆ ನೋಡುತ್ತಿದ್ದಳು. ದಾಟುವ ಕ್ಷಣದಲ್ಲಿ ತಲೆ ಒಂದಿಷ್ಟೇ ಬಾಗಿಸಿದಳು, ಕಂಡೂ ಕಾಣದಷ್ಟು.

ಕಂಡಿತು. ಆಕೆಗೆಂದೇ ಮತ್ತೆ ಬೆರಳೆತ್ತಿದೆ. ಅಷ್ಟರಲ್ಲಿ ಗಾಡಿ ದಾಟಿತ್ತು. ಕನ್ನಡಿಯಲ್ಲಿ ನೋಡಿದರೆ ಆಕೆ ಹಿಂದಕ್ಕೆ ತಿರುಗಿದ್ದಳು. ಗಂಡನನ್ನು ಕೇಳುತ್ತಿದ್ದಿರಬೇಕು, ಯಾರದು ಎಂದು.

ಇನ್ನು ಹತ್ತು ನಿಮಿಷಕ್ಕೆ ಪ್ಯಾಟ್ಸಿಯ ಫೋನು. ಗುರುವಾರ ಏಳಕ್ಕೆ ತಪ್ಪಿಸುವುದಿಲ್ಲ. ಮಾತಿಗೆ ಮಾತು ಬೆಳೆದರೆ ನಾನು ಸೋಲುತ್ತೇನೆ, ಅದಕ್ಕೇ ಹೇಳಬೇಕಾದ್ದನ್ನು ಇಲ್ಲಿ ಬರೆದಿಟ್ಟುಕೊಂಡು ಓದುತ್ತೇನೆ. ಬರುವುದಿಲ್ಲ, ಅದಕ್ಕೆ ನಿನ್ನ ಮೇಲಿನ ಬೇಸರ ಕಾರಣವಲ್ಲ ಎನ್ನಬೇಕು. ಕ್ರಿಸ್‌ಮಸ್‌ಗೆ ಬಂದು ಒಂದು ವಾರ ಇರುತ್ತೇನೆ ಎನ್ನಬೇಕು. ಆ ಹುಡುಗಿಗೆ ಇವತ್ತೇ ಫೋನ್ ಮಾಡು ಎನ್ನಬೇಕು. ಇಲ್ಲಿ ಯಾರಿದ್ದಾರೆ ಎಂದು ಮತ್ತೆ ಕೇಳುತ್ತಾಳೆ. ಕೇಳಿದರೆ, ಯಾರೂ ಇಲ್ಲ, ಆದರೆ...

ಬಂತು. ಐದು ನಿಮಿಷ ಮೊದಲೇ. ಎರಡನೇ ರಿಂಗ್. ಮೊದಲು ಹಳದಿ ಚೆನ್ನಾಗಿದೆ ಎನ್ನುತ್ತೇನೆ, ಆಮೇಲೆ...